ಓದುಗರ ಸ್ಪಂದನ: ಗೈಡ್ ಮುಚ್ಚಿದರೆ ಎಲ್ಲವೂ ಖಾಲಿ

ಕಳೆದ ವಾರದ ಸಮಸ್ಯೆ: ನಾನು ಹತ್ತನೇ ತರಗತಿ, ಕನ್ನಡ ಮಾಧ್ಯಮ. ಮೊದಲ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ 80ಕ್ಕೆ 31 ಬಂದಿದೆ. ಗೈಡ್ ನೋಡುವಾಗ ಎಲ್ಲವೂ ಗೊತ್ತಿದೆ ಅನ್ನಿಸುತ್ತದೆ. ಪ್ರಶ್ನೆಪತ್ರಿಕೆ ಕೈಗೆ ಬಂದರೆ ಅಂಗೈ ಬೆವರುತ್ತದೆ, ಏನೂ ನೆನಪಾಗುವುದಿಲ್ಲ. ರಾತ್ರಿ ಹನ್ನೆರಡೂವರೆಯವರೆಗೆ ಓದಿ ನಾಲ್ಕಕ್ಕೆ ಏಳುತ್ತೇನೆ. ಅಕ್ಕನಿಗೆ 625ಕ್ಕೆ 598 ಬಂದಿತ್ತು. ಅಪ್ಪ ಬೈಯುವುದಿಲ್ಲ. ಅವಳ ಅಂಕಪಟ್ಟಿಗೆ ಚೌಕಟ್ಟು ಹಾಕಿಸಿ ನಾನು ಓದುವ ಮೇಜಿನ ಎದುರಿನ ಗೋಡೆಗೆ ತೂಗುಹಾಕಿದ್ದಾರೆ. ಏನು ಮಾಡಲಿ?
– ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

*

ಮಗಳೇ, ನಿನ್ನ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಒಂದೇ ಮಾತಿನ ಮೇಲೆ: ‘ಗೈಡ್ ನೋಡುವಾಗ ಎಲ್ಲವೂ ಗೊತ್ತಿದೆ ಅನ್ನಿಸುತ್ತದೆ’. ಕಾಯಿಲೆ ಇರುವುದು ಅಲ್ಲಿಯೇ. ಬೇರೆಯವರು ಬಿಡಿಸಿಟ್ಟ ಲೆಕ್ಕವನ್ನು ಓದುವುದು ಬೇರೆಯವರು ಉಣ್ಣುವುದನ್ನು ನೋಡಿದ ಹಾಗೆ, ಹೊಟ್ಟೆ ತುಂಬುವುದಿಲ್ಲ. ಮೂವತ್ತು ವರ್ಷ ಗಣಿತ ಕಲಿಸಿದ್ದೇನೆ, ಹಲವು ಸಲ ಮೌಲ್ಯಮಾಪನಕ್ಕೂ ಹೋಗಿದ್ದೇನೆ. ನೆನಪು ಕೈಕೊಟ್ಟಿತು ಎಂದು ಅಳುವ ಮಕ್ಕಳಲ್ಲಿ ಹೆಚ್ಚಿನವರಿಗೆ ನೆನಪಿನ ತೊಂದರೆ ಇರುವುದಿಲ್ಲ. ಪುಸ್ತಕ ಮುಚ್ಚಿ ಬರೆದು ಅವರಿಗೆ ಅಭ್ಯಾಸವೇ ಇರುವುದಿಲ್ಲ.

ಒಂದು ಲೆಕ್ಕ ಕೊಡುತ್ತೇನೆ. 3, 7, 11, 15... ಈ ಸಮಾಂತರ ಶ್ರೇಢಿಯ 20ನೇ ಪದ ಯಾವುದು? ಮುಂದಿನ ಸಾಲು ಓದುವ ಮೊದಲು ನೀನೇ ಮಾಡಿ ನೋಡು. 83 ಬಂದಿದ್ದರೆ ನಾಚಿಕೊಳ್ಳಬೇಡ, ಪ್ರತಿ ವರ್ಷ ಎಷ್ಟೋ ಮಕ್ಕಳು ಅದನ್ನೇ ಬರೆಯುತ್ತಾರೆ. ಸಾಮಾನ್ಯ ವ್ಯತ್ಯಾಸ 4 ಎಂದು ಸರಿಯಾಗಿ ಹಿಡಿದು, ಅದನ್ನು 20 ಸಲ ಕೂಡಿಸಿಬಿಡುತ್ತಾರೆ. ಕೂಡಿಸಬೇಕಾದದ್ದು 19 ಸಲ, ಏಕೆಂದರೆ ಮೊದಲನೆಯ ಪದ ಆಗಲೇ ಕೈಯಲ್ಲಿದೆ. ಉತ್ತರ 79. ಗೈಡಿನಲ್ಲಿ ಹತ್ತು ಸಲ ಓದಿದರೂ ಈ ತಪ್ಪು ಕಾಣುವುದಿಲ್ಲ. ಒಮ್ಮೆ ಮಾಡಿ ಸಿಕ್ಕಿಬಿದ್ದರೆ ಮತ್ತೆ ಮರೆಯುವುದಿಲ್ಲ.

ಇವತ್ತೇ ಒಂದು 200 ಪುಟದ ನೋಟ್‌ಬುಕ್ ತೆಗೆದುಕೋ. ಅದರಲ್ಲಿ ನೀನು ತಪ್ಪು ಮಾಡಿದ ಲೆಕ್ಕಗಳು ಮಾತ್ರ ಇರಲಿ. ತಪ್ಪಿದ್ದು ಎಲ್ಲಿ ಎಂದು ಪಕ್ಕದಲ್ಲಿ ಒಂದು ಸಾಲು ಬರೆ: ‘ಚಿಹ್ನೆ ಮರೆತೆ’, ‘ನಕ್ಷೆಗೆ ಪ್ರಮಾಣ ಬರೆಯಲಿಲ್ಲ’. ಮೂರು ದಿನ ಬಿಟ್ಟು ಅದೇ ಲೆಕ್ಕವನ್ನು ನೋಡದೆ ಮಾಡು. ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಸೂತ್ರ ಬರೆದು ಗೋಡೆಗೆ ಅಂಟಿಸುವ ಕೆಲಸವನ್ನು ಬಿಡು. ಅದು ಓದಿದ ಹಾಗೆ ಕಾಣುತ್ತದೆ, ಅಷ್ಟೇ.

ಇನ್ನೊಂದು ಮಾತು. ಗಣಿತದಲ್ಲಿ ಅಂಕ ಕೊಡುವುದು ಹಂತ ನೋಡಿ. ಸೂತ್ರ ಸರಿ, ಬೆಲೆ ಹಾಕಿದ್ದು ಸರಿ, ಕೊನೆಯ ಗುಣಾಕಾರ ತಪ್ಪಿದರೆ ಹೋಗುವುದು ಕೊನೆಯ ಹಂತದ ಅಂಕ ಮಾತ್ರ. ಉತ್ತರ ಬರುವುದಿಲ್ಲ ಎಂದು ಜಾಗವನ್ನು ಖಾಲಿ ಬಿಟ್ಟರೆ ನನ್ನಂಥವನು ಕೊಡಬೇಕೆಂದರೂ ಕೊಡಲು ಏನಿರುತ್ತದೆ? ಥೇಲ್ಸ್ ಪ್ರಮೇಯ ಪೂರ್ತಿ ಬರದಿದ್ದರೆ ಚಿತ್ರ ಬರೆ, ದತ್ತ ಬರೆ, ಸಾಧನೀಯ ಬರೆ.
– ನಿವೃತ್ತ ಗಣಿತ ಶಿಕ್ಷಕ, ಧಾರವಾಡ

*

ಹೋದ ವರ್ಷ ನಾನೂ ಹೀಗೆಯೇ ಇದ್ದೆ. ಪರೀಕ್ಷೆ-1ರಲ್ಲಿ ಗಣಿತ ಹೋಯಿತು. ಫಲಿತಾಂಶದ ದಿನ ಮಧ್ಯಾಹ್ನ ಮನೆಯವರಿಗೆ ಮುಖ ತೋರಿಸಲಾರದೆ ತೋಟದ ಪಂಪ್‌ಹೌಸಿನಲ್ಲಿ ಕುಳಿತಿದ್ದೆ. ಪರೀಕ್ಷೆ-2 ಇದೆ, ಎರಡು ಸಲ ಬರೆದರೆ ಹೆಚ್ಚು ಬಂದ ಅಂಕವೇ ಉಳಿಯುತ್ತದೆ ಎಂದು ನಮ್ಮ ಮೇಷ್ಟ್ರು ಮೊದಲೇ ಹೇಳಿದ್ದರು. ಆಗ ಕಿವಿಗೆ ಹೋಗಿರಲಿಲ್ಲ. ಪರೀಕ್ಷೆ-2ರಲ್ಲಿ ಪಾಸಾದೆ, ಈಗ ಪಿಯುಸಿ ವಾಣಿಜ್ಯ ವಿಭಾಗದಲ್ಲಿದ್ದೇನೆ. ಗಣಿತ ಹೋಗಿತ್ತು ಎಂದು ಇಲ್ಲಿ ಯಾರೂ ಕೇಳಿಲ್ಲ.

ನಿನಗಂತೂ ಇದು ಇನ್ನೂ ಪೂರ್ವಸಿದ್ಧತಾ ಪರೀಕ್ಷೆ. 31 ಕಡಿಮೆಯೇ, ಸುಳ್ಳು ಹೇಳುವುದಿಲ್ಲ. ಆದರೆ ಗಣಿತಕ್ಕೆ ಲಿಖಿತ 80ರ ಜೊತೆಗೆ ಆಂತರಿಕ 20 ಅಂಕ ಇದೆಯಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೀಯಾ? ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಸಿಗುತ್ತವೆ. ಮುದ್ರಿಸಿಕೊಂಡು, ಮೊಬೈಲನ್ನು ಅಮ್ಮನ ಕೈಗೆ ಕೊಟ್ಟು, ಗಡಿಯಾರ ಇಟ್ಟುಕೊಂಡು ಮೂರು ಗಂಟೆ ಬರೆ. ನಾನು ಹಾಗೆ ಒಂಬತ್ತು ಪತ್ರಿಕೆ ಬರೆದೆ. ಮೊದಲನೆಯದರಲ್ಲಿ ಕೈ ನಡುಗಿತು, ಐದನೆಯದರ ಹೊತ್ತಿಗೆ ಬೇಸರ ಬಂತು. ಬೇಸರ ಬಂದರೆ ಹೆದರಿಕೆ ಹೋಯಿತು ಎಂದೇ ತಿಳಿ.
– ಪಿಯು ವಿದ್ಯಾರ್ಥಿ, ಚಾಮರಾಜನಗರ ಜಿಲ್ಲೆ

*

ಹನ್ನೆರಡೂವರೆಗೆ ಮಲಗಿ ನಾಲ್ಕಕ್ಕೆ ಏಳುವುದೆಂದರೆ ಮೂರೂವರೆ ಗಂಟೆಯ ನಿದ್ದೆ. ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಗೆ ಹತ್ತುತ್ತದೆ ಎಂದು ಹಿರಿಯರು ಹೇಳುತ್ತಿದ್ದದ್ದು ನಿಜ, ಆದರೆ ಅವರು ರಾತ್ರಿ ಎಂಟೂವರೆಗೆಲ್ಲ ಚಾಪೆ ಹಾಸುತ್ತಿದ್ದರು. ಈ ಅರ್ಧ ಭಾಗವನ್ನು ನಾವು ಮಕ್ಕಳಿಗೆ ಹೇಳುವುದೇ ಇಲ್ಲ. ಹಗಲು ಓದಿದ್ದನ್ನು ಮಿದುಳು ಗಟ್ಟಿಮಾಡಿಕೊಳ್ಳುವುದು ನಿದ್ದೆಯಲ್ಲಿ. ಹತ್ತಕ್ಕೆ ಮಲಗಿ ಐದಕ್ಕೆ ಏಳು. ನನ್ನ ಮಗನಿಗೆ ರಾತ್ರಿ ಹತ್ತರ ನಂತರ ದೀಪ ಹಾಕಲು ಬಿಡಲಿಲ್ಲ. ಜಗಳವಾಯಿತು. ಆಗಲಿ ಬಿಡು ಎಂದುಕೊಂಡೆ. ಪರೀಕ್ಷೆಯ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗಬೇಡಮ್ಮ, ಎರಡು ಇಡ್ಲಿಯಾದರೂ ತಿನ್ನು.
– ಒಬ್ಬ ತಾಯಿ, ತಿಪಟೂರು

*

ಇದು ಆ ಹುಡುಗಿಯ ತಂದೆಗೆ. ಸ್ವಾಮಿ, ನನಗೂ ಇಬ್ಬರು ಮಕ್ಕಳು, ಒಂದು ಕಿರಾಣಿ ಅಂಗಡಿ. ಬೈಯದೆ ಇರುವುದನ್ನು ನಾನೂ ದೊಡ್ಡ ಗುಣ ಎಂದೇ ನಂಬಿದ್ದೆ. ಒಂದು ದಿನ ಮಗ ಅಂದ: ‘ನೀವು ಬೈದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನೀವು ಅಂಗಡಿಗೆ ಬಂದವರಿಗೆಲ್ಲ ಅಣ್ಣನ ಅಂಕ ಹೇಳುವುದು ಮುಗಿಯುವುದೇ ಇಲ್ಲ.’ ಕೈಯಲ್ಲಿದ್ದ ತಕ್ಕಡಿ ಹಾಗೆಯೇ ನಿಂತಿತು. ತಮ್ಮ ಮನೆಯ ಗೋಡೆಯ ಬಗ್ಗೆ ನಾನು ಹೇಳುವುದು ಅಧಿಕಪ್ರಸಂಗ. ಆದರೂ ಹೇಳಿದ್ದೇನೆ.
– ವ್ಯಾಪಾರಿ, ದಾವಣಗೆರೆ

*

ತಂಗಿ, ಅಂಗೈ ಬೆವರುವುದು, ಎದೆ ಹೊಡೆದುಕೊಳ್ಳುವುದು ದೇಹ ಹೆದರಿದಾಗ ಮಾಡುವ ಕೆಲಸ. ಆ ಹೊತ್ತಿನಲ್ಲಿ ‘ಹೆದರಬಾರದು’ ಎಂದುಕೊಂಡರೆ ಹೆದರಿಕೆ ಹೆಚ್ಚುತ್ತದೆ. ಉಸಿರು ಎಳೆದುಕೊಳ್ಳುವಾಗ ನಾಲ್ಕು ಎಣಿಸು, ಬಿಡುವಾಗ ಆರು ಎಣಿಸು. ಬಿಡುವುದು ಉದ್ದವಾಗಿರಲಿ. ಐದಾರು ಸಲ ಸಾಕು. ಪ್ರಶ್ನೆಪತ್ರಿಕೆ ಓದಲೆಂದೇ 15 ನಿಮಿಷ ಕೊಡುತ್ತಾರೆ, ಮೊದಲ ಒಂದು ನಿಮಿಷವನ್ನು ಇದಕ್ಕೆ ಇಟ್ಟುಕೋ. ಆಮೇಲೆ ಗೊತ್ತಿರುವ ಪ್ರಶ್ನೆಗಳ ಸಂಖ್ಯೆಯನ್ನು ಮನಸ್ಸಿನಲ್ಲೇ ಗುರುತಿಸಿ ಅಲ್ಲಿಂದ ಬರೆಯಲು ಶುರುಮಾಡು. ಒಂದನೇ ಪ್ರಶ್ನೆಯಿಂದಲೇ ಹೊರಡಬೇಕೆಂಬ ನಿಯಮ ಇಲ್ಲ, ಪ್ರಶ್ನೆಯ ಸಂಖ್ಯೆಯನ್ನು ಸರಿಯಾಗಿ ಬರೆದರೆ ಆಯಿತು.

ನಿದ್ದೆ ವಾರಗಟ್ಟಲೆ ಬರದೆ ಹೋದರೆ, ಊಟ ಸೇರದಿದ್ದರೆ, ಇದೆಲ್ಲ ಸಾಕು ಎಂಬಂಥ ಯೋಚನೆ ಒಂದೇ ಸಲ ಬಂದರೂ, ಒಬ್ಬಳೇ ಇಟ್ಟುಕೊಳ್ಳಬೇಡ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡು. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹುಚ್ಚು ಹಿಡಿದವರು ಮಾಡುವ ಕರೆ ಎಂದು ಯಾರಾದರೂ ನಕ್ಕರೆ ನಗಲಿ.
– ಆಪ್ತಸಮಾಲೋಚಕಿ, ಮೈಸೂರು

*

ನಾನು ಅಂಥ ಅಕ್ಕ. ನನ್ನ ಅಂಕಪಟ್ಟಿಯೂ ನಡುಮನೆಯ ಗೋಡೆಯ ಮೇಲಿತ್ತು. ತಮ್ಮ ಹತ್ತನೇ ತರಗತಿಗೆ ಬಂದ ವರ್ಷ ಅವನು ನನ್ನೊಂದಿಗೆ ಮಾತು ಕಡಿಮೆ ಮಾಡಿದ. ಯಾಕೆಂದು ನನಗೆ ಹೊಳೆಯಲೇ ಇಲ್ಲ, ಅಮ್ಮನೇ ಹೇಳಬೇಕಾಯಿತು. ನನಗೆ ಇಂಗ್ಲಿಷ್ ಎಷ್ಟು ಕಷ್ಟವಿತ್ತು, ಒಂದು ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ಒಲೆಗೆ ಹಾಕಿದ್ದೆ ಎಂಬುದೆಲ್ಲ ಅವನಿಗೆ ಗೊತ್ತೇ ಇರಲಿಲ್ಲ. ಆ ರಾತ್ರಿ ಹೇಳಿದೆ. ಬಿದ್ದು ಬಿದ್ದು ನಕ್ಕ.

ನಿನ್ನ ಅಕ್ಕನನ್ನು ಕೇಳು. ಅಪ್ಪನಿಗೆ ನೀನು ಹೇಳಲಾಗದ್ದನ್ನು ಅವಳು ಹೇಳಬಲ್ಲಳು. ನಾನು ಯುಗಾದಿಗೆ ಸುಣ್ಣ ಬಳಿಯುವಾಗ ಚೌಕಟ್ಟನ್ನು ಇಳಿಸಿ ಟ್ರಂಕಿಗೆ ಹಾಕಿದೆ. ಅಪ್ಪ ಎರಡು ದಿನ ಖಾಲಿ ಮೊಳೆಯನ್ನು ನೋಡಿದರು. ಮೂರನೇ ದಿನ ಅದಕ್ಕೆ ಕ್ಯಾಲೆಂಡರ್ ತೂಗುಹಾಕಿದರು.
– ಓದುಗಾರ್ತಿ, ಸಾಗರ