ವೀರಗಲ್ಲು ಅನ್ನಬಹುದಾ? ಸೇಲರ್‌ಗೆ ಏನನ್ನೋಣ?

ಗೆಳೆಯರೇ,

ಅಮೆರಿಕದಲ್ಲಿರುವ ಮಗಳು ತಾನಿರುವ ಸಣ್ಣ ಊರಿನ ಸ್ಮಶಾನದ ಫೋಟೊ ಕಳಿಸಿದ್ದಾಳೆ. ಎತ್ತರದ ಕಂಬ, ಮೇಲೆ ಕೋವಿ ಹಿಡಿದು ನಿಂತ ಕಲ್ಲಿನ ಸಿಪಾಯಿ. ಕೆಳಗೆ ‘ಸೋಲ್ಜರ್ಸ್ ಅಂಡ್ ಸೇಲರ್ಸ್’ ಅಂತ ಕೆತ್ತಿದ್ದಾರೆ. 1861ರಿಂದ 1865ರವರೆಗೆ ನಡೆದ ಅಲ್ಲಿನ ಅಂತರ್ಯುದ್ಧಕ್ಕೆ ಹೋದವರ ನೆನಪಿಗಂತೆ. ಇಂಥವು ಆ ದೇಶದ ಎಷ್ಟೋ ಊರುಗಳಲ್ಲಿವೆ. "ಅಪ್ಪಾ, ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಅಂದಳು. ವೀರಗಲ್ಲು ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಅನುಮಾನ ಶುರುವಾಯಿತು.

ನಮ್ಮ ದಾವಣಗೆರೆ ಸುತ್ತಿನ ಹಳ್ಳಿಗಳಲ್ಲಿ ಹಳಬರ ಬಾಯಲ್ಲಿ ಅದು ಈರಗಲ್ಲು. ವೀರಣ್ಣ ಈರಣ್ಣ ಆದ ಹಾಗೆ. ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಅವನು. ಹೆಚ್ಚಾಗಿ ಒಬ್ಬನಿಗೆ ಒಂದು ಕಲ್ಲು. ಯಾಕೆ ಸತ್ತ ಅನ್ನೋದಕ್ಕೂ ಅಲ್ಲಿ ಬೇರೆ ಬೇರೆ ಮಾತುಗಳಿವೆ. ದನ ಹೊಡೆದುಕೊಂಡು ಹೋಗುವ ದಾಳಿ ತುರುಗೊಳ್, ಊರಿಗೇ ಬಂದ ಕೇಡು ಊರಳಿವು. ‘ತುರುವಂ ಮಗುಳ್ಚಿ ಸತ್ತಂ’ ಅಂತ ಬರೆದಿರುತ್ತಾರೆ. ದನ ಮರಳಿಸಿ ಸತ್ತ, ಅಷ್ಟೇ. ಈಗಿನ ಪತ್ರಿಕೆಗಳಲ್ಲಾದರೆ ಯಾರೂ ಸಾಯುವುದಿಲ್ಲ, ಎಲ್ಲರೂ ಹುತಾತ್ಮರಾಗುತ್ತಾರೆ. ಹುತ ಅಂದರೆ ಬೆಂಕಿಗೆ ಅರ್ಪಿಸಿದ್ದು. ನನಗಂತೂ ಆ ‘ಸತ್ತಂ’ ಜಾಸ್ತಿ ಹಿಡಿಸುತ್ತದೆ.

ಹಾಗಾಗಿ ಊರಿನವರೆಲ್ಲ ಸೇರಿ ಎಷ್ಟೋ ಜನರಿಗೆ ಒಟ್ಟಿಗೆ ನಿಲ್ಲಿಸಿದ ಕಂಬವನ್ನು ವೀರಗಲ್ಲು ಅಂದರೆ ಸರಿಯಾಗುತ್ತಾ? ‘ಯುದ್ಧ ಸ್ಮಾರಕ’ ಅನ್ನಬಹುದು, ಆದರೆ ಅದರಲ್ಲಿ ಯುದ್ಧದ ನೆನಪೇ ಮುಂದೆ ಬರುತ್ತದೆ, ಮನುಷ್ಯರು ಹಿಂದೆ ಸರಿಯುತ್ತಾರೆ. ನೆನಪುಗಂಬ ಅಂತ ಒಂದು ಹೊಳೆದಿದೆ. ಹೇಗಿದೆ ಹೇಳಿ.

ಸೇಲರ್‌ದು ಇನ್ನೂ ಕಷ್ಟ. ನಾವಿಕ ಅಂದರೆ ತುಂಗಭದ್ರೆ ಬದಿಯ ನಮಗೆ ಕಣ್ಣಿಗೆ ಬರುವವನು ಅಂಬಿಗ, ಅವನ ಹರಿಗೋಲು. ಕಾದಾಡುವವನಲ್ಲ. ಆದರೆ ಬಳಕೆ ಆ ಕಡೆಗೇ ಇದೆ. ನಮ್ಮ ಕರಾವಳಿ ಕಾವಲು ಪಡೆಯಲ್ಲಿ ನಾವಿಕ ಅನ್ನೋದು ಹುದ್ದೆಯ ಹೆಸರೇ. 1971ರ ಡಿಸೆಂಬರ್ 9ರಂದು, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ನಮ್ಮ ನೌಕಾಪಡೆಯ ಖುಕ್ರಿ ಹಡಗು ಮುಳುಗಿದಾಗ ಸತ್ತದ್ದು 18 ಅಧಿಕಾರಿಗಳು, 176 ನಾವಿಕರು. ಸತ್ತ ಜಾಗದಲ್ಲಿ ಕಲ್ಲು ನಿಲ್ಲಿಸೋಣ ಅಂದರೆ ಅದು ನಡುಗಡಲು. ಹಾಗಾಗಿ ಅವರ ನೆನಪಿಗೆ ಗುಜರಾತ್ ಕರಾವಳಿಯ ದಿಯುವಿನಲ್ಲಿ ದಡದ ಮೇಲೆ ಗಾಜಿನೊಳಗೆ ಹಡಗಿನದೇ ಮಾದರಿ ಇಟ್ಟಿದ್ದಾರೆ.

ನಿಘಂಟಿನಲ್ಲಿ ಖಲಾಸಿಯೂ ಸಿಗುತ್ತದೆ. ಅದನ್ನು ಸ್ಮಾರಕದ ಮೇಲೆ ಬರೆದರೆ ‘ಖಲಾಸ್’ ಅಂದ ಹಾಗೆ ಕೇಳುತ್ತದೆ, ಬೇಡವೇ ಬೇಡ. ಕಾಲಾಳು ಇದೆಯಲ್ಲ, ಕಡಲಾಳು ಯಾಕಾಗಬಾರದು ಅಂದೆ. ಮಗಳು ಒಪ್ಪಲಿಲ್ಲ. "ಕಡಲಾಳ ಅಂದ್ರೆ ಸಮುದ್ರದ ತಳ ಅಲ್ವಾ?" ಅಂದಳು. ಹೌದು, ಗೊಂದಲ ಆಗುತ್ತದೆ. ಆದರೂ ಬಿಡಲು ಮನಸ್ಸಿಲ್ಲ.

ಸ್ಮಶಾನಕ್ಕೆ ಸುಡುಗಾಡು ಅಂತ ಮಾತ್ರ ಬರೆಯುವ ಹಾಗಿಲ್ಲ. ನಮ್ಮಲ್ಲಿ ಹೂಳುವ ಜಾಗವನ್ನೂ ಸುಡುಗಾಡು ಅಂತಲೇ ಅನ್ನುತ್ತಾರೆ, ಸುಡುವುದು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಬೈಗುಳಕ್ಕೂ ಅದೇ ಮಾತು. ಅಲ್ಲಿಯಾದರೋ ಮೇ ತಿಂಗಳ ಕೊನೆಯ ಸೋಮವಾರ ಯೋಧರ ಗೋರಿಗಳಿಗೆ ಬಾವುಟ ಸಿಕ್ಕಿಸಿ ಹೂ ಇಡುತ್ತಾರೆ. ಆ ದಿನದ ಹಳೆಯ ಹೆಸರು ಡೆಕೊರೇಷನ್ ಡೇ, 1868ರಲ್ಲಿ ಶುರುವಾದದ್ದು. ಅದಕ್ಕೆ ನಾನು ‘ಹೂ ಏರಿಸುವ ದಿನ’ ಅಂತ ಬರೆದುಕೊಟ್ಟೆ. ಅದೊಂದು ಮಗಳಿಗೆ ಹಿಡಿಸಿತು.

ಕಾರವಾರ, ಮಂಗಳೂರು ಕಡೆಯವರು ಇಲ್ಲಿದ್ದರೆ ಹೇಳಿ: ಹಡಗಿಗೆ ದುಡಿಯಲು ಹೋದವನನ್ನು ಮನೆಮಾತಿನಲ್ಲಿ ಏನಂತೀರಿ? ನೌಕಾಪಡೆಗೆ ಹೋದವನಿಗೂ ಅದೇ ಮಾತಾ, ಬೇರೆಯಾ?