ಹಾಲ್‌ಗೆ ಪ್ರೊಜೆಕ್ಟರ್: ದುಡ್ಡು ಕೊಡುವ ಮೊದಲು ಅಳತೆ ಮಾಡುವ

ಕಾರ್ಯದರ್ಶಿ: ಬಾಡಿಗೆ ಪ್ರೊಜೆಕ್ಟರ್‌ನಲ್ಲಿ ಹಿಂದೆ ಕೂತವರಿಗೆ ಪಂದ್ಯದ ಸ್ಕೋರೂ ಕಾಣುವುದಿಲ್ಲ ಅಂತ ದೂರು ಉಂಟು. ಚೌತಿಯೊಳಗೆ ಸ್ವಂತದ್ದು ತೆಗೊಳ್ಳುವ ಅಂತ ಸಮಿತಿಯ ಮನಸ್ಸು. ಕೊನೆಯ ಸಾಲು ಪರದೆಯಿಂದ 9 ಮೀಟರ್. ಆನ್‌ಲೈನ್‌ನಲ್ಲಿ ‘12,000 ಲ್ಯುಮೆನ್, 4ಕೆ’ ಅಂತ ಒಂದು ಅಗ್ಗಕ್ಕೆ ಸಿಗ್ತದೆ. ಆಗಬಹುದಾ?

ಮನೆ 14: ಬೇಡ ಮಾರಾಯ್ರೆ. ಲ್ಯುಮೆನ್ ಅಂದ್ರೆ ಪ್ರೊಜೆಕ್ಟರ್ ಚೆಲ್ಲುವ ಬೆಳಕಿನ ಅಳತೆ; ಎಎನ್‌ಎಸ್‌ಐ ಅಥವಾ ಐಎಸ್‌ಒ ಮಾನದಂಡದಲ್ಲಿ ಅಳೆದ ಲ್ಯುಮೆನ್ ಎಷ್ಟು ಅಂತ ಕೇಳಿ. ಅಂಥವುಗಳಲ್ಲಿ ಹೆಚ್ಚಿನವು ಕೆಲವು ನೂರು ದಾಟುವುದಿಲ್ಲ. ‘4ಕೆ ಸಪೋರ್ಟ್’ ಅಂದ್ರೆ 4ಕೆ ವಿಡಿಯೊ ಹಾಕಿದ್ರೆ ಓಡ್ತದೆ ಅಷ್ಟೆ, ಪರದೆ ಮೇಲೆ ಬೀಳುವುದು ಬರೀ 720 ಚುಕ್ಕಿಸಾಲು ಇರಬಹುದು. ‘ನೇಟಿವ್ 1920×1080’ ಅಂತ ಬರೆದಿರಬೇಕು, ಅಂದ್ರೆ ಯಂತ್ರವೇ ಮೂಡಿಸುವ ಚುಕ್ಕಿಗಳು ಅಷ್ಟು.

ಚಿತ್ರದ ಎತ್ತರ ಕೊನೆಯ ಸಾಲಿನ ದೂರದ ಆರರಲ್ಲೊಂದು ಪಾಲಾದರೂ ಬೇಕು. 9 ಮೀಟರಿಗೆ ಒಂದೂವರೆ ಮೀಟರ್, ಅಂದ್ರೆ ಮೂಲೆಯಿಂದ ಮೂಲೆಗೆ 120 ಇಂಚಿನ ಪರದೆ. ಅಗಲ 2.66 ಮೀಟರ್, ವಿಸ್ತೀರ್ಣ ಹತ್ತಿರಹತ್ತಿರ 4 ಚದರ ಮೀಟರ್. 3,000 ಲ್ಯುಮೆನ್ ಇದ್ರೆ ಪರದೆಗೆ 750 ಲಕ್ಸ್ (ಚದರ ಮೀಟರಿಗೆ ಇಷ್ಟು ಲ್ಯುಮೆನ್) ಬೀಳ್ತದೆ. 150 ಇಂಚು ಮಾಡಿದ್ರೆ ಅದೇ ಬೆಳಕು 480ಕ್ಕೆ ಇಳಿಯಿತು. ದೊಡ್ಡ ಪರದೆಯ ಆಸೆ ಬಿಡಿ.

ಮನೆ 22: ಲೈಟ್ ಹಾಕಿಕೊಂಡೇ ನೋಡ್ಲಿಕ್ಕೆ ಆಗುವುದಿಲ್ವಾ? ಕತ್ತಲಲ್ಲಿ ವಯಸ್ಸಾದವರಿಗೆ ನಡೆದಾಡುವುದು ಕಷ್ಟ.

ಮನೆ 14: ಹಿಂದಿನ ಲೈಟ್ ಇರಲಿ ಅಕ್ಕ, ಪರದೆ ಹತ್ತಿರದ ಟ್ಯೂಬ್‌ಲೈಟ್‌ಗೆ ಮಾತ್ರ ಬೇರೆ ಸ್ವಿಚ್ ಹಾಕಿಸುವ. ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಚೆಲ್ಲಲಿಕ್ಕೆ ಬರುವುದಿಲ್ಲ; ಬೆಳಕು ಬೀಳದ ಪರದೆಯೇ ಅದರ ಕಪ್ಪು. ಟ್ಯೂಬಿನಿಂದ ಪರದೆಗೆ 200 ಲಕ್ಸ್ ಬಿದ್ರೆ ಬಿಳಿ-ಕಪ್ಪಿನ ಅಂತರ ಐದು ಪಟ್ಟೂ ಇಲ್ಲ. 20ಕ್ಕೆ ಇಳಿಸಿದ್ರೆ 38 ಪಟ್ಟು. ಸಾವಿರ ಲ್ಯುಮೆನ್ ಹೆಚ್ಚು ಕೊಂಡರೂ ಈ ಲಾಭ ಇಲ್ಲ. ಸಂಜೆ ಪಂದ್ಯಕ್ಕೆ ಪಡುವಣ ಕಿಟಕಿಗೆ ದಪ್ಪ ಪರದೆ ಬೇಕೇ ಬೇಕು.

ಮನೆ 7: ಯಾರೂ ಫ್ಯಾನ್ ವಿಷಯ ಹೇಳಿಲ್ಲ. ಥ್ರೋ ರೇಶಿಯೊ, ಅಂದ್ರೆ ಚಿತ್ರದ ಅಗಲದ ಎಷ್ಟು ಪಟ್ಟು ದೂರ ಬೇಕು ಅನ್ನುವುದು, 1.5 ಇದ್ದರೆ 2.66 × 1.5, ಅಂದ್ರೆ 4 ಮೀಟರ್ ದೂರದಲ್ಲಿ ಮಾಡಿಗೆ ನೇತುಹಾಕಬೇಕು. ಆ ದಾರಿಯಲ್ಲಿ ಫ್ಯಾನಿನ ರೆಕ್ಕೆ ಬಂದ್ರೆ ಚಿತ್ರ ಮಿಣಮಿಣ. ಗಾಳಿಗೆ ಸುರುಳಿ ಪರದೆಯೂ ಅಲುಗಾಡ್ತದೆ. ಚೌಕಟ್ಟಿನ ಪರದೆ ಒಳ್ಳೆಯದು. ಕೆಳಗಿನ ಅಂಚು ನೆಲದಿಂದ 4 ಅಡಿ. ಪ್ರೊಜೆಕ್ಟರ್ ಓರೆಯಾಗಿ ಇಟ್ಟು ಕೀಸ್ಟೋನ್‌ನಲ್ಲಿ (ಸೊಟ್ಟ ಚಿತ್ರ ನೇರ ಮಾಡುವ ಸೆಟ್ಟಿಂಗ್) ಸರಿ ಮಾಡುವ ಅಂದ್ರೆ ಅಕ್ಷರ ಮಸುಕು.

ಲ್ಯಾಪ್‌ಟಾಪ್‌ನಿಂದ ಪ್ರೊಜೆಕ್ಟರ್‌ಗೆ ಕೇಬಲ್ 15 ಮೀಟರ್ ಬೇಕಾದೀತು. ಸಾದಾ ಎಚ್‌ಡಿಎಂಐ (ಚಿತ್ರ, ಧ್ವನಿ ಒಯ್ಯುವ ತಾಮ್ರದ ಕೇಬಲ್) ಅಷ್ಟುದ್ದಕ್ಕೆ ನಂಬಲಿಕ್ಕಾಗುವುದಿಲ್ಲ. ಬೆಳಕಿನ ಎಳೆಯ ಆಪ್ಟಿಕಲ್ ಎಚ್‌ಡಿಎಂಐ ತನ್ನಿ, ಅದಕ್ಕೆ ದಿಕ್ಕು ಉಂಟು, ‘ಸೋರ್ಸ್’ ತುದಿ ಲ್ಯಾಪ್‌ಟಾಪ್ ಕಡೆಗೇ. ಮಾಡಿನೊಳಗೆ ಎಳೆಯುವ ಮೊದಲು ನೋಡಿಕೊಳ್ಳಿ.

ಕಾರ್ಯದರ್ಶಿ: ಲ್ಯಾಂಪಾ, ಲೇಸರಾ? ಮತ್ತೆ ನಮ್ಮ ಮಳೆಗಾಲ?

ಮನೆ 7: ಲೇಸರ್ ಸುಮಾರು 20,000 ಗಂಟೆ, ಲ್ಯಾಂಪ್ ಅದರ ಕಾಲು ಪಾಲು. ನಾವು ವಾರಕ್ಕೊಮ್ಮೆ ಹಾಕುವುದಲ್ವಾ, ಲ್ಯಾಂಪೇ ಧಾರಾಳ. ಆದ್ರೆ ಓಡುತ್ತಿರುವಾಗ ಕರೆಂಟ್ ಹೋದ್ರೆ ಪ್ರೊಜೆಕ್ಟರ್ ಒಳಗಿನ ಫ್ಯಾನ್ ನಿಂತು ಲ್ಯಾಂಪ್ ಕುದೀತದೆ. ಯುಪಿಎಸ್ ಬೇಕು, ತಣ್ಣಗಾಗುವ ಐದು ನಿಮಿಷಕ್ಕೆ ಸಾಕು. ಇಲ್ಲಿಯ ತೇವಕ್ಕೆ ಲೆನ್ಸಿಗೆ ಬೂಷ್ಟು ಬರುವುದು ಗ್ಯಾರಂಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿ, ಕಾರ್ಯಕ್ರಮ ಇಲ್ಲದಿದ್ದರೂ. ಪೂರ್ತಿ ತಣಿದ ಮೇಲೆಯೇ ಮುಚ್ಚಬೇಕು.

ಮನೆ 22: ಹಾಗಾದ್ರೆ ಅಂಗಡಿಯವರು ನಮ್ಮ ಹಾಲ್‌ಗೇ ತಂದು ತೋರಿಸಲಿ. ಅವರ ಕತ್ತಲೆ ಕೋಣೆಯಲ್ಲಿ ಎಲ್ಲವೂ ಚಂದವೇ ಕಾಣ್ತದೆ.

ಕಾರ್ಯದರ್ಶಿ: ಸರಿ. ಆದಿತ್ಯವಾರ ಸಂಜೆ 5 ಗಂಟೆಗೆ ಅಳತೆ. ಯಾರಾದರೂ ಏಣಿ ತನ್ನಿ, ಹಾಲಿನದ್ದು ಮುರಿದಿದೆ.