ಸೂಕ್ಷ್ಮಜೀವಿ ಪಳೆಯುಳಿಕೆಗಳ ಆಕಾರವನ್ನು ಎಷ್ಟರಮಟ್ಟಿಗೆ ನಂಬಬಹುದು?

ಪ್ರಶ್ನೆ:
ಎಳೆಯಂತಹ ಬ್ಯಾಕ್ಟೀರಿಯಾಗಳು ಚರ್ಟ್ ಶಿಲೆಯಲ್ಲಿ (ಸಿಲಿಕಾದಿಂದಾದ ಗಟ್ಟಿ ಕಲ್ಲು) ದುಂಡನೆಯ ಕೊಳವೆಗಳಾಗಿಯೂ ಜೇಡಿಶಿಲೆಯಲ್ಲಿ ಚಪ್ಪಟೆಯಾದ ಕಪ್ಪು ಪಟ್ಟಿಗಳಾಗಿಯೂ ಕಾಣುವುದೇಕೆ? ಆಕಾರವನ್ನು ನೋಡಿ ಪ್ರಭೇದವನ್ನು ಗುರುತಿಸುವುದು ಸರಿಯೇ?

ಉತ್ತರ 1:
ಹೂತ ಕೆಸರಿನ ರಸಾಯನವೇ ಇದಕ್ಕೆ ಮುಖ್ಯ ಕಾರಣ. ಸಿಲಿಕಾ ಕರಗಿದ ನೀರು ಕೋಶಗಳು ಕೊಳೆಯುವ ಮೊದಲೇ ಒಳಹೊಕ್ಕು ಗಟ್ಟಿಯಾದರೆ, ಮೇಲಿನ ಪದರಗಳ ಭಾರ ಬೀಳುವಷ್ಟರಲ್ಲಿ ಆಕಾರ ಭದ್ರವಾಗಿರುತ್ತದೆ. ಕೆನಡಾದ ಸುಮಾರು 188 ಕೋಟಿ ವರ್ಷ ಹಳೆಯ ಗನ್‌ಫ್ಲಿಂಟ್ ಚರ್ಟ್‌ನಲ್ಲಿ ಎಳೆಗಳು ಮೂರು ಆಯಾಮಗಳಲ್ಲಿ ಉಳಿದಿರುವುದು ಹೀಗೆಯೇ. ಜೇಡಿಯಲ್ಲಾದರೋ ನೀರು ಹಿಂಡಿಹೋಗುತ್ತಾ ಕೋಶವೂ ಅಪ್ಪಚ್ಚಿಯಾಗುತ್ತದೆ. ಆಮ್ಲಜನಕವಿಲ್ಲದ, ಸಲ್ಫೈಡ್ ಮತ್ತು ಕಬ್ಬಿಣವಿರುವ ಕೆಸರಿನಲ್ಲಿ ಪೈರೈಟ್ (ಕಬ್ಬಿಣ ಮತ್ತು ಗಂಧಕದ ಖನಿಜ) ಹರಳುಗಳು ಕೋಶಭಿತ್ತಿಯ ಮೇಲೆ ಬೆಳೆದು ಅದರ ಅಳತೆಯನ್ನೇ ಬದಲಿಸಬಲ್ಲವು.

ಉತ್ತರ 2:
ಕೊಳೆಯುವಿಕೆಯನ್ನೂ ಸೇರಿಸಬೇಕು. ಸಯನೋಬ್ಯಾಕ್ಟೀರಿಯಾಗಳ (ಬೆಳಕಿನಿಂದ ಆಹಾರ ತಯಾರಿಸುವ ಬ್ಯಾಕ್ಟೀರಿಯಾಗಳು) ಹೊರಕವಚವು ಒಳಗಿನ ಕೋಶಗಳಿಗಿಂತ ಹೆಚ್ಚು ಕಾಲ ತಾಳುವುದರಿಂದ ಅನೇಕ ಸಲ ಸಿಗುವುದು ಬರಿದಾದ ಕೊಳವೆ ಮಾತ್ರ. ಗೋಳಾಕಾರದ ಕೋಶಗಳಲ್ಲಿ ಒಳದ್ರವ್ಯ ಕುಗ್ಗಿ ಉಳಿದ ಕಪ್ಪು ಚುಕ್ಕೆ, ಬ್ಯಾಕ್ಟೀರಿಯಾಗಳಲ್ಲಿ ಇರದ ಕೋಶಕೇಂದ್ರದಂತೆ (ನ್ಯೂಕ್ಲಿಯಸ್) ತೋರಬಹುದು. ಆಸ್ಟ್ರೇಲಿಯಾದ ಬಿಟರ್ ಸ್ಪ್ರಿಂಗ್ಸ್ ಪಳೆಯುಳಿಕೆಗಳ ಬಗ್ಗೆ ಇದೇ ವಿಷಯಕ್ಕೆ ದೀರ್ಘ ವಾದ ನಡೆದಿದೆ.

ಉತ್ತರ 3:
ಸಿಲಿಕಾ ಇರುವ ಕ್ಷಾರೀಯ ದ್ರಾವಣದಲ್ಲಿ ಬೇರಿಯಂ ಕಾರ್ಬೊನೇಟ್ ಹರಳುಗಟ್ಟುವಾಗ, ಜೀವದ ಸೋಂಕೇ ಇಲ್ಲದೆ, ಸುರುಳಿಸುತ್ತಿದ ಎಳೆಗಳು ಮೂಡುತ್ತವೆಂದು 2003ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಆಕಾರವೊಂದನ್ನೇ ನೆಚ್ಚಿ ಹೆಸರಿಡುವುದು ನನಗಂತೂ ಒಪ್ಪಿಗೆಯಿಲ್ಲ. ಶಿಲೆ ರೂಪುಗೊಂಡ ಪರಿಸರವನ್ನೂ ಕೋಶಭಿತ್ತಿಯಲ್ಲಿ ಇಂಗಾಲ ಹರಡಿರುವ ರೀತಿಯನ್ನೂ ಮೊದಲು ಪರಿಶೀಲಿಸಬೇಕು.